ಲಕ್ಕವಳ್ಳಿ ಮಣ್ಣಿನ ನೀಲಿ

ತರೀಕೆರೆ
೮-೭-೧೯೮೪

ಪ್ರೀತಿಯ ವನಮಾಲಾ,

ನಾವೆಲ್ಲ ಚೆನ್ನಾಗಿದ್ದೇವೆ. ಮುನಿರಾಬಾದಿನಲ್ಲಿ ನೀವೂ ಚೆನ್ನಾಗಿದ್ದೀರೆಂದು ನಿನ್ನ ತಾಯಿ ಹೇಳಿದರು. ಆರು ವರ್ಷ ತಡವಾಗಿ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಕ್ಷಮಿಸು ಎಂದರೆ ನೀನು ಕಾಗದ ಮಡಚಿಟ್ಟುಬಿಡುತ್ತೀಯ, ನಿನ್ನ ಕೋಪ ನನಗೆ ಗೊತ್ತಿಲ್ಲವೇ? ಅದಕ್ಕೇ ಮೊದಲು ಮನೆ ಸುದ್ದಿ.

ಈ ಸಲ ಮಾರಲು ನಲವತ್ತು ಕುಂಡ ಹೈಡ್ರಾಂಜಿಯ ಎದ್ದಿದೆ. ಒಂದೊಂದು ಗೊಂಚಲೂ ಎರಡು ಕೈಗೆ ಹಿಡಿಸುವುದಿಲ್ಲ. ನಮ್ಮ ಅತ್ತೆ ಮಾತ್ರ ಈಗಲೂ, "ಮುಡಿಯಕ್ಕಿಲ್ಲ, ಪೂಜೆಗಿಲ್ಲ, ಪಲ್ಯಕ್ಕೂ ಬರಲ್ಲ, ಇದ್ಯಾವ ಹೂಕೋಸೇ?" ಎನ್ನುತ್ತಾರೆ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು, ಹೊತ್ತು ತಪ್ಪದ ನೀರು. ಹೂ ಮುಗಿದ ಕೂಡಲೇ ಸವರಬೇಕು, ತಡಮಾಡಿದರೆ ಮುಂದಿನ ವರ್ಷದ ಮೊಗ್ಗು ಕತ್ತರಿಗೆ ಹೋಗುತ್ತದೆ. ಎಲ್ಲ ನೀನೇ ಕಲಿಸಿದ್ದು.

ಲಕ್ಕವಳ್ಳಿಯ ನಿಮ್ಮ ಡ್ಯಾಮ್ ಕ್ವಾರ್ಟರ್ಸಿನ ಹಿತ್ತಲು ನೆನಪಾಗುತ್ತದೆ. ಗೋಡೆಯುದ್ದಕ್ಕೂ ನೀಲಿ. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ಅಲ್ಲೂ ಒಂದೇ ಕಲ್ಲಿನ ಮೇಲೆ ಕೂತು ಮಂಡಕ್ಕಿ ತಿಂದೆವು. ಆಮೇಲೆ ನೀನು ಕಡ್ಡಿ ಮುರಿದು ಒದ್ದೆ ಗೋಣಿಯಲ್ಲಿ ಸುತ್ತಿಕೊಟ್ಟೆ. "ನೀಲಿ ಅಂದ್ರೆ ನೀಲಿ ಕಣೇ, ಮಾರಿ ನೋಡು," ಎಂದೆ. ನಾನು ಅದನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಅಷ್ಟು ಖುಷಿಯಾಗಿ ನಾನು ಮತ್ತೆ ಯಾವ ಬಸ್ಸಿನಲ್ಲೂ ಕೂತಿಲ್ಲ.

ಹೂ ಬಿಟ್ಟಾಗ ಅಷ್ಟೂ ಗುಲಾಬಿ ಬಣ್ಣ! ಅಮಲ್ದಾರರ ಮನೆಗೆ ನೀಲಿ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅವರ ಹೆಂಡತಿ ಎಲ್ಲರೆದುರು, "ಏನ್ರೀ ಗುರುಶಾಂತಮ್ಮ, ನಿಮ್ಮೂರಲ್ಲಿ ಇದಕ್ಕೆ ನೀಲಿ ಅಂತಾರಾ?" ಎಂದು ನಕ್ಕರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದಲ್ಲವೇ? ಅಂದೇ ನಿನಗೆ ಕಾರ್ಡು ಬರೆದೆ: "ಬೇಡದ ಗಿಡ ದಾಟಿಸಿದೆ. ಗೆಳತಿಗೂ ಮೋಸವೇ?" ಕವರಿನಲ್ಲಾದರೂ ಹಾಕಬಾರದಿತ್ತೇ! ಕಾರ್ಡು ನಿನ್ನ ಕೈ ಸೇರುವ ಮೊದಲು ಕ್ವಾರ್ಟರ್ಸೆಲ್ಲ ಓದಿತಂತೆ.

ನಾನು ಮಾಡಿದ್ದೇನು ಗೊತ್ತೇ? ಚೆಂದ ಕಾಣಲೆಂದು ಪ್ರತಿ ಕುಂಡಕ್ಕೂ ಒಳಗೂ ಹೊರಗೂ ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದಿದ್ದೆ. ಸಾಲದೆಂದು ವಾರಕ್ಕೊಂದು ಹಿಡಿ ಒಲೆ ಬೂದಿ.

ನಿಮಗೆ ವರ್ಗವಾಗಿ ನೀನು ಹೊರಟ ದಿನ ನಾನು ಕಡೂರಿಗೆ ಹೋಗಿದ್ದೆ. ಬಂದಾಗ ಬಾಗಿಲಲ್ಲಿ ಒಂದು ಚೀಲ ಮಣ್ಣು. ಚೀಟಿಯಿಲ್ಲ, ಏನಿಲ್ಲ. ನಮ್ಮಲ್ಲಿ ಮಣ್ಣು ಕೊಡುವುದು ಸತ್ತವರಿಗೆ. "ನನ್ನ ಪಾಲಿಗೆ ನೀನು ಸತ್ತೆ ಅಂತ ಹೇಳಿ ಹೋದ್ಲು ನೋಡಿ," ಎಂದು ಅತ್ತೆಯ ಮುಂದೆ ಕಣ್ಣೀರಿಟ್ಟೆ. ಚೀಲವನ್ನು ಹಿತ್ತಲ ಮೂಲೆಯ ಒಡಕು ಕುಂಡಕ್ಕೆ ಸುರಿದು, ನಿನ್ನ ಕಡ್ಡಿಗಳಲ್ಲೇ ಕೈಗೆ ಸಿಕ್ಕಿದ ಒಂದು ಬಡಕಲು ಗಿಡ ಚುಚ್ಚಿದೆ. ಸುಣ್ಣವಿಲ್ಲ, ಬೂದಿಯಿಲ್ಲ, ಬಾವಿ ನೀರೂ ಇಲ್ಲ. ಮಳೆ ಬಂದಾಗ ಬಂತು.

ಮರುವರ್ಷ ಅದು ನೀಲಿ ಹೂ ಬಿಟ್ಟಿತು, ವನಮಾಲಾ. ನರ್ಸರಿಯ ದೇವೀರಪ್ಪ ನೋಡಿ, "ಗಿಡದ್ದಲ್ಲ ಕಣಮ್ಮ, ಮಣ್ಣಿನ ಗುಣ. ಸುಣ್ಣ, ಬೂದಿ ಸೋಕಿದ್ರೆ ಇದು ನೀಲಿ ಬರಲ್ಲ," ಎಂದ. ನೀನು ಕೊಟ್ಟದ್ದು ಬಣ್ಣ, ನಾನು ತಿಳಿದದ್ದು ಶಾಪ. ಗೊತ್ತಾಗಿಯೂ ಐದು ವರ್ಷ ಬರೆಯಲಿಲ್ಲ, ಯಾವ ಮುಖದಿಂದ ಬರೆಯಲಿ?

ಹೋದ ವಾರ ನಿನ್ನ ತಾಯಿ ಭಾಗೀರಥಮ್ಮನವರು ಬಂದು ಒಂದು ಕುಂಡ ಕೊಂಡರು. ಮಾತಿನ ನಡುವೆ, "ಅವತ್ತು ಸಾಮಾನಿನ ಲಾರಿ ನಿಲ್ಲಿಸಿ ಇಲ್ಲಿ ಇಳಿದ್ಲು ಕಣಮ್ಮ. ವಾಪಸ್ ಬಂದು, ಶಾಂತಿ ಮನೇಲಿಲ್ಲ ಅಂದ್ಲು. ಆಮೇಲೆ ಊರು ದಾಟೋವರೆಗೂ ನಿಮ್ಮನೆ ಕಡೆಗೇ ತಿರುಗಿ ನೋಡ್ತಿದ್ಲು," ಎಂದರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ನೀಲಿ ಕುಂಡ ಮಾರಿಲ್ಲ. ನೀನು ಬಂದು ನೋಡಬೇಕು. ಯಜಮಾನರಿಗೆ ನಮಸ್ಕಾರ. ಮಕ್ಕಳು ನೂರು ಕಾಲ ಸುಖವಾಗಿರಲಿ.

ಇಂತಿ ನಿನ್ನ
ಶಾಂತಿ

ತಾ.ಕ.: ಅವತ್ತು ನಾನು ಕಡೂರಿಗೆ ಹೋಗಿರಲಿಲ್ಲ. ಬಳೆ ಸದ್ದಾಗದಂತೆ ಕೈ ಬಿಗಿಹಿಡಿದು ಕದದ ಹಿಂದೆ ನಿಂತಿದ್ದೆ. ನೀನು "ಶಾಂತಿ" ಎಂದು ಮೂರು ಸಲ ಕರೆದೆ. ಲಾರಿ ಹೋದ ಮೇಲೆ ಬಾಗಿಲು ತೆಗೆದರೆ, ನನ್ನ ಚಪ್ಪಲಿ ಹೊರಗೇ ಇತ್ತು. ನೀನು ಅದನ್ನು ಜೋಡಿಸಿ, ಪಕ್ಕದಲ್ಲೇ ಚೀಲ ಇಟ್ಟು ಹೋಗಿದ್ದೆ.