ಕೊನೆಯ ದಾರಿಯ ಕೊನೆಯ ಮಾತು

ಜುಲೈ ೧೪, ಮಂಗಳವಾರ

ಪ್ರೀತಿಯ ಕಥೆಗಾರ್ತಿಗೆ,

ನಿನ್ನ ಪ್ರಾಸದಾಸನ ನೆನಪುಗಳು. ನಾನೂ ಮಗಳೂ ಕ್ಷೇಮ. ಫ್ರಿಜ್ಜು ಮಾತ್ರ ನರಳುತ್ತಿದೆ, ಅದರ ಆರೋಗ್ಯ ವಿಚಾರಿಸಬೇಕಾದ ಮೆಕ್ಯಾನಿಕ್ಕು ಫೋನು ಎತ್ತುತ್ತಿಲ್ಲ. ಬರೆಯಲು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ತಡಕ್ಕೆ ಕಾರಣ ನೀನೇ. "ನನ್ನ ಆಟ ಪೂರ್ತಿ ಆಡಿ, ಕೊನೇ ದಾರಿ ನಿಮಗೇನು ಅರ್ಥ ಆಯ್ತೋ ಅದನ್ನ ಬರೀರಿ. ಫೋನಲ್ಲಿ ಬೇಡ ರೀ, ಫೋನಲ್ಲಿ ನೀವು ಪ್ರಾಸ ಹಾಕಿ ತಪ್ಪಿಸ್ಕೋತೀರ" ಅಂದವಳು ನೀನು. ಸರಿ, ಆಡಿದೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿ, ಕಾರ್ಖಾನೆಯ ಗೋಡೆಗೆ "ಕೈಗೆ ಗವಸು, ಬಾಳಿಗೆ ಸೊಗಸು" ಎಂದು ಬರೆದು ಸಂಬಳ ತೆಗೆದುಕೊಳ್ಳುವ ಸುರಕ್ಷತಾ ವಿಭಾಗದ ಗುಮಾಸ್ತ, ಈ ವಯಸ್ಸಿನಲ್ಲಿ ಮಗಳ ಕೈಲಿ ಬೈಸಿಕೊಂಡು ವಿಷುಯಲ್ ನಾವೆಲ್ ಎಂಬ ಓದುವ ಆಟವನ್ನು ಆಡಿ ಮುಗಿಸಿದ್ದಾನೆ.

ಮೊದಲೇ ಹೇಳಿಬಿಡುತ್ತೇನೆ, ಆಡಿದ್ದು ಅನುಮಾನದಿಂದ. ಅನುಮಾನ ನನ್ನ ಹವ್ಯಾಸ, ಅದಕ್ಕೂ ಬೇಕು ಪ್ರಾಸ. ಎರಡನೆಯ ಆಟದ ಕೆಲಸಕ್ಕೆಂದು ನೀನು ಆ ಊರಿಗೆ ಹೊರಟಾಗ, ಬೇಸಿಗೆ ಮುಗಿಯುವಷ್ಟರಲ್ಲಿ ವಾಪಸು ಎಂದು ಮಾತಾಗಿತ್ತು. ಬೇಸಿಗೆ ತನ್ನ ಮಾತು ಉಳಿಸಿಕೊಂಡು ಮುಗಿಯಿತು. ಕೇಳಿದರೆ "ಮುಂದಿನ ತಿಂಗಳು" ಅನ್ನುತ್ತೀಯ. ಮುಂದಿನ ತಿಂಗಳು ಬಂದ ಕೂಡಲೇ ಅದು ಈ ತಿಂಗಳಾಗಿಬಿಡುತ್ತದೆ, ನೀನು ಮತ್ತೆ ಅದರ ಮುಂದಿನದನ್ನು ಹಿಡಿಯುತ್ತೀಯ. ಸಾಲದ್ದಕ್ಕೆ ಹೋದ ವಾರ ಫೋನಿನಲ್ಲಿ ನಿನ್ನ ಹಿಂದಿನಿಂದ ಒಂದು ಗಂಡಸಿನ ದನಿ "ಕಾಫಿ ತಗೋ" ಅಂದಿತು. "ತಗೊಳ್ಳಿ" ಅಲ್ಲ, "ತಗೋ". ನನಗೆ ತಿಳಿದ ಮಟ್ಟಿಗೆ ನಿನಗೆ "ತಗೋ" ಅನ್ನುವ ಗಂಡಸರು ಇಬ್ಬರೇ, ನಿಮ್ಮಣ್ಣ ಮತ್ತು ನಾನು. ನಿಮ್ಮಣ್ಣ ಯಾರಿಗೂ ಕಾಫಿ ಕೊಡುವವನಲ್ಲ. ನಾನು ಇಲ್ಲಿದ್ದೇನೆ.

ಇದನ್ನು ಮಗಳ ಮುಂದೆ ಆಡಿದೆ. "ಅಪ್ಪಾ, ಅದು ಚಿತ್ರ ಬರೆಯೋ ಹುಡುಗ. ಅವನು ಬಾಸ್‌ಗೂ ಹಾಗೇ ಅಂತಾನಂತೆ. ಅಮ್ಮಾನೇ ಹೇಳಿದ್ಲು."

"ನೋಡು, ನನಗೆ ಹೇಳದ್ದು ನಿನಗೆ ಹೇಳಿದಾಳೆ!"

"ನೀನು ಕೇಳ್ಲಿಲ್ಲ," ಅಂದು ಎದ್ದು ಹೋದಳು. ಆ ಎದ್ದು ಹೋಗುವ ರೀತಿ ಥೇಟ್ ನಿನ್ನದೇ.

ಆಟಕ್ಕೆ ಬರುತ್ತೇನೆ. ನಿನ್ನ ನಾಯಕಿ ಗಡಿಯಾರ ರಿಪೇರಿಯವಳು. ಅವಳಿರುವ ಕಟ್ಟಡದಲ್ಲಿ ನಾಲ್ಕು ಬಾಗಿಲು, ಬಾಗಿಲಿಗೊಬ್ಬ ಗಂಡಸು: ಬೀಗ ರಿಪೇರಿಯವನು, ದಂತವೈದ್ಯ, ಬಸ್ ಡ್ರೈವರು, ಲೈಬ್ರರಿಯವನು. ಪರದೆಯ ಮೇಲೆ ಚಿತ್ರ, ಕೆಳಗೆ ಮಾತಿನ ಬರಹ, ಜೊತೆಗೆ ಅದೇ ಮಾತಿನ ಧ್ವನಿ. ನಡುನಡುವೆ ಮುಂದೇನು ಮಾಡಲಿ ಎಂದು ಆಟ ನಮ್ಮನ್ನೇ ಕೇಳುತ್ತದೆ. ನಾವು ಒತ್ತಿದ ಉತ್ತರದ ಮೇಲೆ ಅವಳು ನಾಲ್ವರಲ್ಲಿ ಒಬ್ಬನ ದಾರಿ, ಮಗಳ ಭಾಷೆಯಲ್ಲಿ "ರೂಟ್", ಹಿಡಿಯುತ್ತಾಳೆ. ನಾಲ್ಕೂ ದಾರಿಯ ಕೊನೆಯಲ್ಲಿ ಸುಖವೋ ಸುಖ. ಬೀಗದವನ ಮೂಗು ಯಾರದಿರಬಹುದು ಎಂದು ಒಂದು ಸಂಜೆ ಯೋಚಿಸಿದೆ. ದಂತವೈದ್ಯನ ಬಗ್ಗೆ ಯೋಚಿಸಬೇಕಾಗಲಿಲ್ಲ. ಹೋದ ವರ್ಷ ನೀನು ಒಂದೇ ಹಲ್ಲಿಗೆ ಎಷ್ಟು ಸಲ ಕ್ಲಿನಿಕ್ಕಿಗೆ ಹೋಗಿದ್ದೆ ಎಂಬುದು ನನಗೆ ನೆನಪಿದೆ. "ಅಪ್ಪಾ, ರೂಟ್ ಕೆನಾಲ್‌ಗೆ ಅಷ್ಟು ಸಲ ಹೋಗ್ಲೇಬೇಕು," ಅಂದಳು ಮಗಳು. ಇರಬಹುದು. ಅದರ ಹೆಸರಲ್ಲೂ ರೂಟ್ ಇದೆಯಲ್ಲ!

ನಾಲ್ಕೂ ಮುಗಿಸಿದವರಿಗೆ ಮಾತ್ರ ಐದನೆಯ ದಾರಿ ತೆರೆಯುತ್ತದೆ. ಅದು ಅವಳ ಸ್ವಂತ ಮನೆ. ಅಲ್ಲಿ ಆಟ ನಮ್ಮನ್ನು ಏನೂ ಕೇಳುವುದಿಲ್ಲ, "ಮುಂದೆ" ಎಂಬ ಗುಂಡಿ ಬಿಟ್ಟರೆ ಬೇರೆ ಗುಂಡಿಯೇ ಇಲ್ಲ. ಊಟದ ಮೇಜು. ಮೇಜಿನ ಮುಂದೆ ನಮಗೆ ಬೆನ್ನು ಹಾಕಿ ಕೂತ ಒಬ್ಬ ಗಂಡಸು. ನೀಲಿ ಗೆರೆಯ ಅಂಗಿ, ಭುಜದ ಹತ್ತಿರ ಹೊಲಿಗೆ ಬಿಟ್ಟಿದೆ. ಪಕ್ಕದಲ್ಲಿ ಹಿಡಿ ಮುರಿದ ಕಪ್ಪು. ಬೆರಳು ಮಡಿಸಿ ಮಡಿಸಿ ಏನೋ ಎಣಿಸುತ್ತಿದ್ದಾನೆ. ಅವಳು, "ಇವತ್ತು ಅಂಗಡೀಲಿ ನಿಂತೇ ಹೋಗಿದ್ದ ಗಡಿಯಾರ ಒಂದು ತಾನಾಗೇ ಓಡೋಕೆ ಶುರು ಮಾಡ್ತು" ಅನ್ನುತ್ತಾಳೆ. ಅವನು "ಹೂಂ" ಅನ್ನುತ್ತಾನೆ. "ಭಯ ಆಯ್ತು" ಅನ್ನುತ್ತಾಳೆ. "ಹೂಂ." ಇಡೀ ದಾರಿಯಲ್ಲಿ ಅವನ ಸಂಭಾಷಣೆ ಇಷ್ಟೇ. ಆ ಪಾತ್ರಕ್ಕೆ ಧ್ವನಿ ಕೊಟ್ಟ ಪುಣ್ಯಾತ್ಮನಿಗೆ ಒಳ್ಳೆಯ ಕೆಲಸ! ಕೊನೆಗೆ ಅವಳು ತನ್ನ ಸ್ಕ್ರೂಡ್ರೈವರು, ಚಿಮಟ, ಭೂತಗನ್ನಡಿಗಳನ್ನು ಪೆಟ್ಟಿಗೆಗೆ ತುಂಬಿ, ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳುತ್ತಾಳೆ. ಪರದೆ ಕಪ್ಪಾಗುತ್ತದೆ. ಬಾಗಿಲಿನ ಸದ್ದು. ತೆರೆದದ್ದೋ ಮುಚ್ಚಿದ್ದೋ ನೀನೇ ಬಲ್ಲೆ.

ಆ ಬೆನ್ನು ಯಾರದು ಎಂದು ನಾನು ಕೇಳುವುದಿಲ್ಲ. ಆ ಅಂಗಿ ಈಗಲೂ ನನ್ನ ಮೈಮೇಲಿದೆ, ಹೊಲಿಗೆ ಇನ್ನೂ ಬಿಟ್ಟೇ ಇದೆ. ನನ್ನ ಪ್ರಶ್ನೆ ಬೇರೆ. ನನ್ನನ್ನು ಒಮ್ಮೆಯೂ ನೋಡದ ಆ ಚಿತ್ರದ ಹುಡುಗನಿಗೆ ನನ್ನ ಬೆನ್ನಿನ ವಿವರ ಇಷ್ಟು ಚೆನ್ನಾಗಿ ಹೇಳಿದವಳು, ಮುಖದ ವಿವರ ಯಾಕೆ ಕೊಡಲಿಲ್ಲ? ಮರೆತೆಯಾ?

ಇನ್ನು ಆ ಕೊನೆಯ ಮಾತು. ಭಾನುವಾರ ಮಧ್ಯಾಹ್ನ ಆಟ ಮುಗಿಸಿ, ಸಮಾಧಾನದಿಂದ ಮಗಳಿಗೆ ಹೇಳಿದೆ: "ಪರವಾಗಿಲ್ಲ ಕಣೇ, ಕೊನೆಗೆ ಬರ್ತೀನಿ ಅಂದ್ಳಲ್ಲ. ಎಲ್ಲಿಗೋ ಕೆಲಸಕ್ಕೆ ಹೋಗಿದಾಳೆ, ಬರ್ತಾಳೆ."

ಅವಳು ನನ್ನನ್ನು ಒಂಥರಾ ನೋಡಿದಳು. "ಅಪ್ಪಾ, ಅವಳು ಹೋಗ್ತೀನಿ ಅಂದ್ಳು."

"ಬರ್ತೀನಿ ಅಂದ್ಳು. ಈ ಕಿವಿಯಲ್ಲಿ ಕೇಳಿದೀನಿ."

"ಹೋಗ್ತೀನಿ ಅಂದ್ಳು. ಈ ಕಣ್ಣಲ್ಲಿ ಓದಿದೀನಿ."

ಅವಳು ಕಾಲೇಜಿನ ಬಸ್ಸಿನಲ್ಲಿ ಧ್ವನಿ ಮುಚ್ಚಿ ಆಡುವವಳು. ನಾನು ಕನ್ನಡಕ ತೆಗೆದಿಟ್ಟು, ಕುರ್ಚಿಗೊರಗಿ ಕೇಳುವವನು. ಇಬ್ಬರೂ ಒಟ್ಟಿಗೆ ಕೂತು, ಅವಳು ಕಣ್ಣಾಗಿ ನಾನು ಕಿವಿಯಾಗಿ, ಇನ್ನೊಮ್ಮೆ ಹಾಕಿದೆವು. ಪರದೆಯ ಮೇಲೆ ಬರಹ: "ಹೋಗ್ತೀನಿ." ಅದೇ ಗಳಿಗೆಯಲ್ಲಿ ಧ್ವನಿ: "ಬರ್ತೀನಿ."

ನಿನ್ನ ಆಟದ ಅಭಿಮಾನಿಗಳು ಇಂಟರ್ನೆಟ್ಟಿನಲ್ಲಿ ಇದನ್ನೇ ಹಿಡಿದು ಗುದ್ದಾಡುತ್ತಿದ್ದಾರೆ, ಮಗಳು ತೋರಿಸಿದಳು. ಒಬ್ಬ, ನಾಯಕಿ ಸತ್ತಿದ್ದಾಳೆ, ಬರಹ ದೇಹದ್ದು, ಧ್ವನಿ ಆತ್ಮದ್ದು ಅನ್ನುತ್ತಾನೆ. ಇನ್ನೊಬ್ಬ, ಸತ್ತಿರುವುದು ಆ ಬೆನ್ನಿನವನು, ಅದಕ್ಕೇ ಬರೀ "ಹೂಂ" ಅನ್ನುತ್ತಾನೆ ಎಂದು ಸಾಧಿಸಿದ್ದಾನೆ. ಅವನಿಗೆ ನಾನು ಇನ್ನೂ ಉಸಿರಾಡುತ್ತಿದ್ದೇನೆ ಎಂದು ಬರೆಯಬೇಕೆನ್ನಿಸಿತು. ನನ್ನ ವ್ಯಾಖ್ಯಾನ ಇವರಿಬ್ಬರಿಗಿಂತ ಕೆಟ್ಟದ್ದು. ಒಂದು ಮಾತು ಒಬ್ಬನಿಗೆ, ಇನ್ನೊಂದು ಇನ್ನೊಬ್ಬನಿಗೆ. ಬೆನ್ನಿನವನಿಗೆ "ಹೋಗ್ತೀನಿ", ಹೊರಗೆ ಕಾಯುತ್ತಿರುವವನಿಗೆ "ಬರ್ತೀನಿ". ಹಾಗಾದರೆ ಹೊರಗೆ ಕಾಫಿ ಹಿಡಿದು ನಿಂತವನು ಯಾರು?

ಪತ್ರ ಇಲ್ಲಿಗೆ ನಿಲ್ಲಿಸುತ್ತೇನೆ. ಕಳಿಸುವುದಿಲ್ಲ, ಒಬ್ಬರನ್ನು ವಿಚಾರಿಸುವುದಿದೆ.

ಶನಿವಾರ, ಅದೇ ಪತ್ರ

ವಿಚಾರಿಸಿದೆ. ಕಾರ್ಖಾನೆಯಲ್ಲಿ ಗೋಡೆ ಸಾಲದೆ ಈಗ ಸ್ಪೀಕರು ಹಾಕಿದ್ದಾರೆ. ನನ್ನ ಪ್ರಾಸಗಳು ಇನ್ನು ಮುಂದೆ ಗಂಟೆಗೊಮ್ಮೆ ಕಾರ್ಮಿಕರ ಕಿವಿಗೆ ಬೀಳಲಿವೆ, ಪಾಪ. ಓದಲು ಒಂದು ಒಳ್ಳೆಯ ಹೆಣ್ಣುದನಿ ಬೇಕು ಅಂದರು ಮ್ಯಾನೇಜರು. ನಿನ್ನ ನಾಯಕಿಗೆ ಧ್ವನಿ ಕೊಟ್ಟವರನ್ನೇ ಕರೆಸೋಣ ಎಂದು ಹಟ ಹಿಡಿದೆ. ಅದೃಷ್ಟದಾಟ ಅಂದುಕೊಳ್ಳಬೇಡ, ಇದು ಶುದ್ಧ ಪತ್ತೇದಾರಿಕೆ. ಅವರು ಇದೇ ಊರಿನವರು, ದೊಡ್ಡ ಅಂಗಡಿಗಳ ಲಿಫ್ಟಿನಲ್ಲಿ "ಬಾಗಿಲು ಮುಚ್ಚುತ್ತಿದೆ" ಎಂದು ಹೇಳುವುದೂ ಅವರೇ ಎಂದು ಗೊತ್ತಿತ್ತು.

ಬಂದವರು ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. "ಯಂತ್ರದ ಮುಂದೆ ಮೈಮರೆವು, ಆಸ್ಪತ್ರೆಯಲ್ಲಿ ಅರಿವು" ಎಂಬುದನ್ನು ಎಷ್ಟು ಮಧುರವಾಗಿ ಓದಿದರೆಂದರೆ, ಒಮ್ಮೆ ಕೈ ಸಿಕ್ಕಿಸಿಕೊಂಡರೂ ಪರವಾಗಿಲ್ಲ ಅನ್ನಿಸುವಂತಿತ್ತು. "ಪ್ರಾಸ ಯಾರದು ಸಾರ್?" ಅಂದರು. ನನ್ನದು ಅಂದೆ. "ಹೂಂ" ಅಂದರು. ಆ ಅಕ್ಷರವನ್ನು ಬೇರೆಯವರು ನಮಗೆ ಹೇಳಿದಾಗ ಹೇಗಿರುತ್ತದೆ ಎಂದು ತಿಳಿಯಿತು.

ಕೆಲಸ ಮುಗಿದ ಮೇಲೆ ಕೇಳಿದೆ: "ಮೇಡಂ, ಆ ಗಡಿಯಾರದವಳ ಆಟದಲ್ಲಿ ಕೊನೇ ಸಾಲು, ನಿಮಗೆ ಕೊಟ್ಟ ಹಾಳೇಲಿ ಏನಂತ ಇತ್ತು?"

ಅವರು ನಕ್ಕರು. "ಅಯ್ಯೋ, ನೀವೂ ಅದನ್ನೇ ಕೇಳ್ತೀರಾ? ಹೋಗ್ತೀನಿ ಅಂತಲೇ ಇತ್ತು. ನನ್ನ ಬಾಯಿಗೆ ಬರ್ಲಿಲ್ಲ, ಅಷ್ಟೇ. ಮನೆ ಬಾಗಿಲಲ್ಲಿ ನಿಂತು ಯಾರಾದ್ರೂ ಹೋಗ್ತೀನಿ ಅಂತಾರಾ ಸಾರ್? ಚಿಕ್ಕೋಳಿದ್ದಾಗ ಹಾಗಂದ್ರೆ ನಮ್ಮಮ್ಮ ತಲೆ ಮೇಲೆ ಮೊಟಕಿ, ಬರ್ತೀನಿ ಅನ್ನು ಅಂತಿದ್ಲು. ಮೊಟಕಿದ್ದು ಇನ್ನೂ ಹೋಗಿಲ್ಲ."

"ಬರೆದವಳು ಏನೂ ಅನ್ಲಿಲ್ವಾ?"

"ಇನ್ನೊಂದ್ಸಲ ಹೇಳಿ ಅಂದ್ರು. ಹೇಳ್ದೆ, ಮತ್ತೆ ಬರ್ತೀನಿ ಅಂತಾನೇ ಬಂತು. ಮತ್ತೊಂದ್ಸಲ ಅಂದ್ರು. ಊಹೂಂ. ಆಮೇಲೆ ಗಾಜಿನ ಆಚೆ ಸುಮ್ನೆ ಕೂತ್ಬಿಟ್ರು. ಎದ್ದು ಹೋಗ್ತಾರೇನೋ ಅಂದ್ಕೊಂಡೆ. ಕೊನೆಗೆ, ಇರ್ಲಿ ಬಿಡಿ ಅಂದ್ರು."

"ಹೇಗಂದ್ಲು? ಬೇಜಾರಲ್ಲಾ, ಸಮಾಧಾನದಲ್ಲಾ?"

"ಗಾಜಿನ ಆಚೆ ಸಾರ್, ಆಗ ಮೈಕ್ ಒತ್ತಿರ್ಲಿಲ್ಲ, ದನಿ ಬರಲ್ಲ. ತುಟಿ ನೋಡಿ ತಿಳ್ಕೊಂಡೆ." ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನನ್ನ ಭುಜದ ಹೊಲಿಗೆಯನ್ನು ಒಂದು ಕ್ಷಣ ನೋಡಿದರು. "ನೀವು ಅವರ ಯಜಮಾನ್ರಾ?"

ನನ್ನ ಬೆನ್ನೂ ಕಾಣದೆ ಗುರುತು ಹಿಡಿದರು. ಹೌದು ಅಂದೆ. ಹಾಗಾದರೆ ಬರ್ತೀನಿ ಅಂದದ್ದು ಒಳ್ಳೆಯದೇ ಆಯಿತಲ್ಲ ಮೇಡಂ, ಬಾಯಿತಪ್ಪಿ ಬಂದರೂ ಶುಭವೇ ಎಂದು ನಗಲು ನೋಡಿದೆ.

"ಅದನ್ನ ನಂಬ್ಕೋಬೇಡಿ ಸಾರ್," ಅಂದರು, ಲಿಫ್ಟಿನಲ್ಲಿ ಕೇಳಿಸುವ ಅದೇ ಮೃದು ದನಿಯಲ್ಲಿ. "ನಾನು ಗಂಡನ ಮನೆ ಬಿಟ್ಟು ಬಂದ ದಿನಾನೂ ಬಾಗಿಲಲ್ಲಿ ನಿಂತು ಬರ್ತೀನಿ ಅಂತಾನೇ ಹೇಳಿದ್ದು. ಇಪ್ಪತ್ತು ವರ್ಷ ಆಯ್ತು. ಬರ್ತೀನಿ ಸಾರ್."

ಹೋದರು.

ಆದ್ದರಿಂದ ಕಥೆಗಾರ್ತಿ, ನೀನು ಕೇಳಿದ ಅರ್ಥ ಇಲ್ಲಿದೆ. ದೇಹವೂ ಇಲ್ಲ, ಆತ್ಮವೂ ಇಲ್ಲ, ಹೊರಗೆ ಕಾಫಿ ಹಿಡಿದವನೂ ಇಲ್ಲ. ಆ ಹುಡುಗನಿಗೆ ನನ್ನ ಕಡೆಯಿಂದ ಕ್ಷಮೆ ತಿಳಿಸು, ದಂತವೈದ್ಯರಿಗೂ. ಬರೆದದ್ದು "ಹೋಗ್ತೀನಿ". ಕೇಳಿದ್ದು ಬೇರೊಬ್ಬರ ಅಮ್ಮ ಮೊಟಕಿ ಕಲಿಸಿದ್ದು. ನಡುವೆ ನೀನು ಅಂದ "ಇರ್ಲಿ" ಒಂದೇ ಉಳಿಯಿತು, ಅದನ್ನು ಯಾರೂ ಕೇಳಿಸಿಕೊಂಡಿಲ್ಲ. ಅದರ ಮೇಲೆ ಅನುಮಾನ ಪಡಲು ನನಗೆ ಈಗ ಧೈರ್ಯ ಸಾಲದು.

ಮಗಳು ನಿನಗೆ ಮುತ್ತು ಕಳಿಸಿದ್ದಾಳೆ. ಜೊತೆಗೆ ಅವಳ ಬೂದು ಸ್ವೆಟರು ನೀನೇ ಹಾಕಿಕೊಂಡು ಹೋದೆಯಾ ಎಂದೂ ಕೇಳಿದ್ದಾಳೆ. ಎರಡನೆಯ ಆಟ ಚೆನ್ನಾಗಿ ಬರಲಿ. ಕಣ್ಣು ನೋಯಿಸಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ಹಿಡಿದ ದಾರಿ ಯಾವುದಾದರೂ ಸರಿ, ಅದರಲ್ಲಿ ನಿನಗೆ ಒಳ್ಳೆಯದೇ ಆಗಲಿ. ಇದಕ್ಕೆ ಪ್ರಾಸ ಹುಡುಕಿಲ್ಲ.

ನಿನ್ನ
ಪ್ರಾಸದಾಸ

ಮರೆತಿದ್ದೆ: ಆ ರೆಕಾರ್ಡಿಂಗ್ ನಡೆದ ದಿನವನ್ನು ಅವರು ಮಾತಿನ ನಡುವೆ ಹೇಳಿದರು, ಅದು ನೀನು ಹೊರಡುವ ಹಿಂದಿನ ವಾರ. ಅಂದರೆ "ಹೋಗ್ತೀನಿ" ಎಂದು ಬರೆದಾಗ ನೀನು ಇದೇ ಊಟದ ಮೇಜಿನ ಆ ತುದಿಯಲ್ಲಿದ್ದೆ, ಈ ತುದಿಯಲ್ಲಿ ನಾನು ಬೆರಳು ಮಡಿಸಿ ಗೋಡೆಬರಹದ ಮಾತ್ರೆ ಎಣಿಸುತ್ತಿದ್ದೆ. ವಾರ ಕಳೆದು ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತು ನೀನು "ಬರ್ತೀನಿ" ಅಂದೆ. ಅಲ್ಲಿಂದ ಇಲ್ಲಿಯವರೆಗೆ ಆ ಒಂದು ಮಾತಿನ ಮೇಲೆ ಈ ಮನೆ ನಿಂತಿದೆ. ಅದು ನೀನು ಹೇಳಿದ್ದೋ, ಬಾಯಿಗೆ ಬಂದದ್ದೋ, ನನಗೆ ತಿಳಿಯದು. ನಾನು ಅಂದದ್ದು ಮಾತ್ರ ಚೆನ್ನಾಗಿ ನೆನಪಿದೆ. "ಹೂಂ" ಅಂದೆ. ಬರ್ತೀನಿ ಅಂದವರಿಗೆ ತಿರುಗಿ ಹೇಳುವ ಮಾತು ಅದಲ್ಲ ಕಣೇ, ಬೇರೆ ಒಂದಿದೆ, ಒಂದೇ ಅಕ್ಷರದ್ದು. ಅದನ್ನು ಈಗ ಬರೆಯುತ್ತೇನೆ. ಧ್ವನಿ ಇಲ್ಲ, ಬರಹ ಮಾತ್ರ.

ಬಾ.