ದಿಬ್ಬ ಬಿಟ್ಟುಹೋದ ಅಳಿಯನಿಗೆ

ಚಿರಂಜೀವಿ ರೇಯಾಲ್‌ಗೆ,

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ದಣಿದಿದ್ದೇನೆ ಎಂದು ಬರೆಯುತ್ತೇನೆ. ನೀನೂ ಲಿಸೆಟ್ಟೂ ಬೇರೆಯಾದ ಮೇಲೆ ನಿನ್ನ ಹೆಸರೆತ್ತುವ ಮುಂಚೆ ನನ್ನ ಅಡುಗೆಮನೆಯಲ್ಲೇ ನಾನು ಬಾಗಿಲ ಕಡೆ ನೋಡಬೇಕಾಗಿದೆ. ಯಾರ ತಪ್ಪು ಎಷ್ಟು ಎಂದು ತೂಗಲು ಕೂತಿಲ್ಲ. ಒಂದೇ ಕೈಯಿಂದ ಚಪ್ಪಾಳೆಯಾಗದು, ಅಷ್ಟು ಸಾಕು.

ಈ ಸಲ ಸರೋವರ ಹೆಪ್ಪುಗಟ್ಟಿ ಗಟ್ಟಿಯಾದ ಮೇಲೆ ನಮ್ಮ ದಿಬ್ಬದ ಹತ್ತಿರ, ಮಂಜುಗಡ್ಡೆಯ ಮೇಲೆ ಕೂತು ಮೀನು ಹಿಡಿಯುವ ನಿನ್ನ ಗುಡಿಸಲು ಕಾಣಲಿಲ್ಲ. ಅದನ್ನು ಆಚೆ ದಡಕ್ಕೆ ಎಳೆದುಕೊಂಡು ಹೋಗಿ, ತಳದಲ್ಲಿ ಬರೀ ಕೆಸರಿರುವ ಕಡೆ, ಟ್ರೌಟ್ ಮೀನು ತಪ್ಪಿಯೂ ಸುಳಿಯದ ಕಡೆ ನಿಲ್ಲಿಸಿದ್ದೀಯೆ. ನಿನಗೆ ಯಾರೂ ಹೋಗು ಎನ್ನಲಿಲ್ಲ. ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ ಮಾರಾಯ, ಆದರೆ ಅಷ್ಟೊಂದು ಸಂಕೋಚ ಯಾರಿಗೂ ಒಳ್ಳೆಯದಲ್ಲ.

ನಿಮ್ಮ ಮದುವೆಯಾದ ಚಳಿಗಾಲ ನಿನ್ನ ಮಾವ ನಿನ್ನನ್ನು ಅಲ್ಲಿಗೆ ಕರೆದೊಯ್ದು ಗುರುತು ಹೇಳಿಕೊಟ್ಟರು. ಚರ್ಚಿನ ಗೋಪುರ ಒಣಗಿದ ಪೈನ್ ಮರದ ನೇರಕ್ಕೆ ಬರಬೇಕು, ಕೆಂಪು ದೋಣಿಮನೆ ಬಂಡೆಯ ಸೀಳಿನಲ್ಲಿ ಕಾಣಬೇಕು. ಆ ಎರಡು ಗೆರೆ ಕೂಡುವಲ್ಲಿ ಮಂಜುಗಡ್ಡೆ ಕೊರೆದರೆ ಕೆಳಗೆ ನೀರಡಿಯ ದಿಬ್ಬ. ಸ್ವಂತ ತಮ್ಮನಿಗೂ ಹೇಳದ ಜಾಗ ಅದು. ನಮ್ಮಲ್ಲಿ ಅಳಿಯನಿಗೆ ಕೊಡುವ ಬಳುವಳಿ ಅದೇ ತಾನೆ. ನೀನೋ, ನೇರ ದಿಬ್ಬದ ನೆತ್ತಿಗೆ ಗಾಳ ಬಿಟ್ಟು ಮಧ್ಯಾಹ್ನದವರೆಗೆ ಕೂತೆ. "ನೆತ್ತಿ ಮೇಲೆ ಮೀನೇನು ಸಂತೆಗೆ ಬಂದು ಕೂತಿರ್ತದಾ? ಇಳಿಜಾರಿಗೆ ಬಿಡೋ" ಎಂದು ಅವರು ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಅವರು ತೀರಿಕೊಂಡ ಮೇಲೆ ನೀನು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಬೈರಿಗೆ ತಿರುಗಿಸಿ ಇಬ್ಬರಿಗೂ ತೂತು ಕೊರೆಯುವುದು ನಿನ್ನ ಪಾಲು, ಒಲೆಯ ಮೇಲೆ ಪ್ಲೋಯ್ ದೋಸೆ ಹೊಯ್ಯುವುದು ನನ್ನ ಪಾಲು. ಒಂದೇ ಮಗ್ಗುಲು ಬೇಯಿಸುವ ತಿಂಡಿಯನ್ನೂ ಸೀಯಿಸುತ್ತೀರಲ್ಲ ಎಂದು ನೀನು ರೇಗಿಸುತ್ತಿದ್ದೆ. ಕುಣಿಯುವ ಗಾಳದ ಹಿಂದೆ ಟ್ರೌಟ್ ಮೇಲೇರಿ ಬರುವುದು ತೂತಿನಲ್ಲಿ ಕಂಡರೆ ನನ್ನ ಕೈ ನಿಂತುಬಿಡುತ್ತಿತ್ತು. ಆಗ ನೀನು ಮೆಲ್ಲಗೆ, "ನಿಲ್ಲಿಸ್ಬೇಡಿ ಅತ್ತೆ. ಓಡಿಹೋಗೋದನ್ನೇ ಅದು ಹಿಡಿಯೋದು. ಮೇಲಕ್ಕೆ ಸುತ್ತಿ" ಎನ್ನುತ್ತಿದ್ದೆ.

ಲಿಸೆಟ್ ಈಗ ಕರ್ಟಿಸ್ ಎಂಬವನನ್ನು ಕರೆತಂದಿದ್ದಾಳೆ. ಬ್ಯಾಂಗರ್ ಕಡೆಯವನು. ಒಳ್ಳೆಯ ಹುಡುಗ, ಸುಳ್ಳು ಹೇಳಲಾರೆ. ಅವನಿಗೂ ಗುರುತು ಹೇಳು ಎಂದು ಅವಳು ಹಟ ಹಿಡಿದಳು. ಇವತ್ತು ಮಂಡಿನೋವು, ನಾಳೆ ಗಾಳಿ ಎಂದು ನಾನು ಮುಂದೂಡುತ್ತಿದ್ದೆ. ಹೋದ ಶನಿವಾರ ಅವನು ತಳ ತೋರಿಸುವ ಯಂತ್ರ ತಂದು, ನನ್ನ ಚಹಾ ಆರುವುದರೊಳಗೆ ದಿಬ್ಬವನ್ನು ತಾನೇ ಹುಡುಕಿಕೊಂಡ. ಗುಟ್ಟು ಹೋಯಿತಲ್ಲ ಎಂದು ನನಗೆ ಒಂದಿಷ್ಟೂ ಬೇಸರವಾಗಲಿಲ್ಲ, ಅದೇ ಆಶ್ಚರ್ಯ. ಆಮೇಲೆ ಅವನ ಗಾಳದ ಹಿಂದೆ ದೊಡ್ಡದೊಂದು ಬಂತು, ಅವನು ಕೈ ನಿಲ್ಲಿಸಿದ, ಮೀನು ತಿರುಗಿ ಹೋಯಿತು. ಯಾಕೆ ಹೋಯಿತು ಎಂದು ಕೇಳಿದ. ನಿನ್ನ ಮಾತು ನಾಲಿಗೆಯ ತುದಿಗೆ ಬಂತು. ಹೊಟ್ಟೆ ತುಂಬಿರಬೇಕು ಎಂದೆ. ಅಳು ಉಕ್ಕಿತು, ಒಲೆಯ ಹೊಗೆ ಎಂದು ಕಣ್ಣೊರೆಸಿಕೊಂಡೆ. 'ಅಳಿಯ ಅಲ್ಲ, ಮಗಳ ಗಂಡ' ಎನ್ನುತ್ತಾರಲ್ಲ, ಎರಡೂ ಒಂದೇ ಎಂದು. ಒಂದಲ್ಲ ರೇಯಾಲ್. ಅವನು ಮಗಳ ಗಂಡನಾಗಬಹುದು, ಅಷ್ಟೆ.

ನಾನು ಆಚೆ ದಡ ನೋಡುತ್ತಿದ್ದುದನ್ನು ಲಿಸೆಟ್ ಗಮನಿಸಿದ್ದಳು. ಊಟ ಮುಗಿದು ಕರ್ಟಿಸ್ ಹೊರಗೆ ಹೋದಾಗ, "ಅಮ್ಮಾ, ರೇಯಾಲ್ ಗುಡಿಸ್ಲಿಗೆ ಹೋದ್ರೆ ನನ್ ಮನೆಗೆ ಬರ್ಬೇಡ. ಯಾರು ಬೇಕು ನೋಡ್ಕೋ" ಎಂದಳು. ಇರುವುದು ಒಬ್ಬಳೇ ಮಗಳು. ಚಳಿಗಾಲವಿಡೀ ಅವಳು ಹೇಳಿದ್ದಕ್ಕೆಲ್ಲ ಹೂಂ ಎಂದು ಹೂಂ ಎಂದು ನನಗೆ ಸಾಕಾಗಿತ್ತು. ಕೂಗಾಡುವ ಶಕ್ತಿಯೂ ಇರಲಿಲ್ಲ.

"ಅವ್ನು ಬೇಡ ಅಂದೆ ನೀನು, ಬಿಟ್ಟೆ. ನಾನು ಯಾಕೆ ಅಂತ ಕೇಳ್ಲಿಲ್ಲ. ಆದ್ರೆ ಬಿಟ್ಟಿದ್ದು ನೀನು ಲಿಸೆಟ್, ನಾನಲ್ಲ."

ಅವಳು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಿಟ್ಟು ಹೊರಟುಹೋದಳು. ಈವರೆಗೆ ಫೋನಿಲ್ಲ. ಮಾಡುತ್ತಾಳೋ ಇಲ್ಲವೋ ಗೊತ್ತಿಲ್ಲ. ಹೆತ್ತ ಕರುಳು, ದಿನಾ ಕಾಯುತ್ತದೆ. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸಿಲ್ಲ.

ಬರುವ ಶನಿವಾರ ಆಚೆ ದಡಕ್ಕೆ ನಡೆದು ಬರುತ್ತೇನೆ. ಅಲ್ಲಿ ಮೀನಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನನಗೊಂದು ತೂತು ಕೊರೆದಿಡು, ಸಾಕು.

ದೇವರು ನಿನ್ನ ಕಾಲ ಕೆಳಗಿನ ಮಂಜುಗಡ್ಡೆಯನ್ನು ಗಟ್ಟಿಯಾಗಿಡಲಿ.

ಇಂದಿಗೂ ನಿನ್ನ ಅತ್ತೆ,
ಜೆರ್ಮೇನ್