ತೊಲೆ ಬೆವರುವ ತನಕ

ಸಿಬಿಯು
ಈಸ್ಟರ್ ಕಳೆದ ಮಂಗಳವಾರ

ಮುನಿಸಿಕೊಂಡಿರುವ ನನ್ನ ಮುದ್ದಿನ ಅಮ್ಮಾ,

ಎಲ್ಲಾ ಖಾಲಿ ಅಮ್ಮಾ, ಒಂದು ಚೂರೂ ಉಳಿದಿಲ್ಲ! ಶನಿವಾರ ಹನ್ನೊಂದು ಗಂಟೆಯೊಳಗೆ ನನ್ನ ಅಂಗಡಿಯ ಹಬ್ಬದ ಸಿಹಿ ಬ್ರೆಡ್ಡು, ಕೊಜೊನಾಕ್‌ಗಳೆಲ್ಲ ಮಾರಿಹೋದವು. ತಡವಾಗಿ ಬಂದ ಪಾದ್ರಿಯ ಹೆಂಡತಿಗೆ ಮನೆಗೆಂದು ತೆಗೆದಿಟ್ಟಿದ್ದನ್ನೂ ಕೊಟ್ಟುಬಿಟ್ಟೆ. ಮದುವೆಯಾದ ಮೂರೇ ತಿಂಗಳಿಗೆ ಹಬ್ಬದ ದಿನ ಗಂಡನಿಗೆ ಒಣ ಬ್ರೆಡ್ಡು ತಿನ್ನಿಸಿದವಳು ನಾನೊಬ್ಬಳೇ ಇರಬೇಕು! ತಿಬೇರಿಯು ಅದನ್ನೇ ಕಾಫಿಗೆ ಅದ್ದಿಕೊಂಡು, "ನಮ್ಮ ಯಜಮಾನ್ತಿ ಗೆದ್ದಿದಾಳೆ, ನಂಗಿನ್ನೇನು ಬೇಕು?" ಎಂದು ಕುಣಿಯುತ್ತಿದ್ದ.

ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಕಾಗದವಾದರೆ ಪೂರ್ತಿ ಓದುತ್ತೀಯ, ನನಗೆ ಗೊತ್ತು. ಅದಕ್ಕೇ ತಪ್ಪನ್ನು ಇಲ್ಲೇ ಒಪ್ಪಿಕೊಳ್ಳುತ್ತೇನೆ. ವೆತೂರಿಯ ಅಜ್ಜಿಯ ರಟ್ಟು ಹರಿದ ಅಡುಗೆ ಪುಸ್ತಕವನ್ನು ಮದುವೆಯ ದಿನ ನಿನ್ನ ಪೆಟ್ಟಿಗೆಯಿಂದ ಎತ್ತಿಕೊಂಡವಳು ನಾನೇ. ಕೇಳಿದ್ದರೆ ಕೊಡುತ್ತಿದ್ದೆಯಾ? "ನಮ್ಮಮ್ಮನ ಕೈರುಚಿ ಸಂತೇಲಿಟ್ಟು ಮಾರೋಕಲ್ಲ ಕಣೇ. ಬ್ಯಾಂಕ್ ಕೆಲಸ ಬಿಟ್ಟು ಹಿಟ್ಟು ನಾದ್ತೀನಿ ಅಂದ್ರೆ ನನ್ ಮನೆ ಕಡೆ ಬರ್ಬೇಡ" ಎಂದು ಆ ದಿನವೇ ನೀನು ಅಂದಿದ್ದೆಯಲ್ಲ. ಅಂದಿನಿಂದ ನಿನ್ನ ಮುಖ ನೋಡಿಲ್ಲ. ಅಂಗಡಿ ಮುಳುಗಿದ್ದರೆ ಯಾವ ಮುಖ ಹೊತ್ತು ನಿನ್ನೆದುರು ಬರುತ್ತಿದ್ದೆನೋ!

ಮುಳುಗುವುದರಲ್ಲೇ ಇತ್ತು, ಅದನ್ನೂ ಹೇಳುತ್ತೇನೆ. ಪುಸ್ತಕದಲ್ಲಿ ಅಚ್ಚಾಗಿರುವುದು "ಚೆನ್ನಾಗಿ ನಾದಿರಿ" ಎಂದಷ್ಟೇ. ಪಕ್ಕದಲ್ಲಿ ಅಜ್ಜಿ ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ: ತೊಲೆ ಬೆವರುವ ತನಕ. ನಾನು ನಾದಿದೆ, ಸೂರು ನೋಡಿದೆ, ಮತ್ತೆ ನಾದಿದೆ. ನನ್ನ ತೋಳು ಸೋತಾಗ ತಿಬೇರಿಯು, ಅವನದು ಸೋತಾಗ ನಾನು. ನಮ್ಮದು ಎತ್ತರದ ಸಿಮೆಂಟಿನ ಸೂರು. ದಾರಿಹೋಕರಿಗೆಲ್ಲ ಕಾಣಲೆಂದು ಕಿಟಕಿಗಳನ್ನು ಬೇರೆ ತೆರೆದಿಟ್ಟಿದ್ದೆ. ಎರಡು ಗಂಟೆಯಾದರೂ ಮೇಲೆ ಒಂದು ಹನಿಯಿಲ್ಲ! ಹಿಟ್ಟು ಅಂಟಾಗಿ ಹರಿದು, ಓವನ್ನಿನಿಂದ ಇಟ್ಟಿಗೆಗಳು ಹೊರಬಂದವು. ವಾರವಿಡೀ ಇದೇ ಕಥೆ.

ಕೊನೆಗೆ ಅತ್ತೆ ಬಂದಾಗ ನಾನು ಏಣಿ ಹತ್ತಿ ಸೂರು ಸವರಿ ನೋಡುತ್ತಿದ್ದೆ.

"ಮೇಲೇನಮ್ಮಾ ಹುಡುಕ್ತಿದೀಯಾ, ಸ್ವರ್ಗಕ್ಕೆ ದಾರೀನಾ?"

ಹೇಳಿದೆ. ಅವರು ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಹುಚ್ಚು ಹುಡುಗಿ! ಹಳೇ ಮನೆಗಳಲ್ಲಿ ತೊಲೆ ತಲೆಗೆ ತಾಗೋಷ್ಟು ಕೆಳಗಿರ್ತಿತ್ತು. ಒಲೆ ಉರಿಸಿ, ಕಿಟಕಿ ಬಾಗಿಲು ಮುಚ್ಚಿ ನಾದಿದ್ರೆ ಆ ಕಾವಿಗೇ ಬೆವರ್ತಿತ್ತು. ನೀನು ನೋಡಿದ್ರೆ ಚಳಿಗಾಳಿಗೆ ಎಲ್ಲಾ ತೆಗೆದಿಟ್ಟಿದೀಯ. ಹಿಟ್ಟಿಗೆ ನೆಗಡಿ ಆಗಲ್ವಾ?"

ಕಿಟಕಿಗಳನ್ನೆಲ್ಲ ಅವರೇ ಮುಚ್ಚಿದರು. "ಹಿಟ್ಟು ಉಬ್ಬುತ್ತಿದೆ, ಬಾಗಿಲು ಬಡಿಯಬೇಡಿ, ಜೋರಾಗಿ ಮಾತಾಡಬೇಡಿ" ಎಂದು ಬರೆದು ಹೊರಗೆ ತೂಗುಹಾಕಿದರು. ಗಿರಾಕಿಗಳು ಸಿಟ್ಟಾಗುತ್ತಾರೆಂದು ನಾನು ಹೆದರಿದ್ದೆ. ಆದರೆ ಅಮ್ಮಾ, ಆ ಬೋರ್ಡು ನೋಡಿ ಜನಕ್ಕೆ ಹಬ್ಬದ ಹಿಟ್ಟು ಉಬ್ಬುವಾಗ ಹೀಗೇ ಗದರುತ್ತಿದ್ದ ತಮ್ಮ ತಮ್ಮ ತಾಯಂದಿರೇ ನೆನಪಾದರು! ಶನಿವಾರ ಬೀದಿ ತಿರುವಿನವರೆಗೂ ಸಾಲು, ಎಲ್ಲರದೂ ಪಿಸುಮಾತು. ಒಬ್ಬ ತಾತ ಸೀನು ಬಂದರೂ ಮೂಗು ಒತ್ತಿಹಿಡಿದು ನಿಂತಿದ್ದ.

ಸಾಲಿನಲ್ಲಿ ಅಗ್ಲಾಯ ಮೇಡಂ ಇದ್ದರು, ಹಿಂದೆ ನಿಮ್ಮ ಬೀದಿಯಲ್ಲೇ ಇದ್ದ ಶಾಲೆ ಟೀಚರು. ಕೊಜೊನಾಕ್‌ನೊಳಗಿನ ಅಕ್ರೋಟಿನ ಸುರುಳಿ ಬಿಚ್ಚಿ ಒಂದು ತುಂಡು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಇದು ವೆತೂರಿಯಳ ಕೈರುಚಿ. ತಿಂದು ನಲವತ್ತು ವರ್ಷ ಆಗಿತ್ತು. ಯಾರಮ್ಮ ನೀನು?"

ಕೊರ್ನೇಲಿಯಳ ಮಗಳು ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಒಳಗಿಂದ ಅತ್ತೆ "ಶ್ಶ್!" ಎಂದರು.

ಪುಸ್ತಕವನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದೇನೆ. ಮೂಲವನ್ನು ನಿನ್ನ ಕೈಯಲ್ಲೇ ಇಡುತ್ತೇನೆ. ಬೈಯಬೇಕೆನಿಸಿದರೆ ಎದುರೇ ಬೈದುಬಿಡು.

ನಿನ್ನ ಕಳ್ಳ ಮಗಳು, ಈಗ ಅಂಗಡಿಯ ಒಡತಿ,
ಸಿಂಜಿಯಾನ

ಮರೆತಿದ್ದೆ: ಪುಸ್ತಕದ ಕೊನೆಯ ಪುಟವನ್ನು ನಾನು ನೋಡಿದ್ದೇನೆ. ನೀನು ಬಿಡಿಸಿದ ಒಂದು ಪುಟ್ಟ ಅಂಗಡಿಯ ಚಿತ್ರ, ಬಾಗಿಲ ಮೇಲೆ "ಕೊರ್ನೇಲಿಯ ಬೇಕರಿ", ಕೆಳಗೆ ನಿನ್ನ ಹದಿನೇಳನೆಯ ವಯಸ್ಸಿನ ತಾರೀಖು. ಆಗ ಸ್ವಂತ ಅಂಗಡಿಗೆ ಕಮ್ಯುನಿಸ್ಟ್ ಸರ್ಕಾರ ಬಿಡುತ್ತಿರಲಿಲ್ಲವಲ್ಲ. ನಾನು ಬೋರ್ಡು ಬರೆಸುವಾಗ ಬೇರೆ ಹೆಸರು ಹುಡುಕಲೇ ಇಲ್ಲ. ನಿನ್ನ ಅಂಗಡಿಗೆ ನಿನ್ನನ್ನು ಕರೆದುಕೊಂಡು ಹೋಗಲು ಬರುತ್ತಿದ್ದೇನೆ: ಈ ಶನಿವಾರ, ಬ್ರಾಶೋವ್ ಕಡೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು, ನಿಮ್ಮ ಫಗರಾಶ್ ಸ್ಟೇಷನ್ನಿಗೆ ಹತ್ತೂಕಾಲಿಗೆ.